ಅಕ್ಕನ ಬಡಾವಣೆಗೆ ಬಿದ್ದ ಕೆಂಪು

ಪತ್ರಿಕಾ ಕಚೇರಿಯಲ್ಲಿ ಅವನನ್ನು ಎಲ್ಲರೂ ಚಕ್ರವರ್ತಿ ಎಂದೇ ಕರೆಯುತ್ತಿದ್ದರು. ಬಜೆಟ್ಟಿರಲಿ, ಚುನಾವಣೆಯಿರಲಿ, ನೀರಿನ ತಗಾದೆಯಿರಲಿ, ಒಂದು ವೃತ್ತ ಎಳೆದು, ಹೋಳು ಮಾಡಿ, ಬಣ್ಣ ತುಂಬಿ ಓದುಗರ ಕೈಗಿಡುವುದು ಅವನ ಕಸುಬು. ಇಡೀ ಮಂತ್ರಿಮಂಡಲವನ್ನು ಕಲ್ಲಂಗಡಿಯಂತೆ ಕತ್ತರಿಸಿದ ಶೂರ.

ಊರಿನ ಕಳ್ಳತನದ ನಕ್ಷೆ ಬರೆದ ದಿನವೂ ಮಹಾರಾಜರು ಭಾರೀ ಹುಮ್ಮಸ್ಸಿನಲ್ಲಿದ್ದರು. ದೂರು ಹೆಚ್ಚಿದ್ದಲ್ಲಿ ಕಡುಗೆಂಪು, ಕಡಿಮೆಯಿದ್ದಲ್ಲಿ ತಿಳಿಬಣ್ಣ. ದೂರುಗಳನ್ನು ಆಯಾ ಬಡಾವಣೆಯ ಜನಸಂಖ್ಯೆಯಿಂದ ಭಾಗಿಸಿ ನೋಡುವ ಗೋಜಿಗೆ ಹೋಗಲಿಲ್ಲ. ಊರಿನ ಅರ್ಧ ಜನ ಒತ್ತೊತ್ತಾಗಿ ಬದುಕುವ ನದಿಯಾಚೆಯ ಬಡಾವಣೆ ಮುಖಪುಟದಲ್ಲಿ ಕೆಂಡದಂತೆ ಉರಿಯಿತು. ಸಂಪಾದಕರು ಬೆನ್ನು ತಟ್ಟಿದರು.

ಆ ಬಡಾವಣೆಯಲ್ಲೇ ಅವನ ಅಕ್ಕನ ಮನೆ, ಹೊಲಿಗೆ ಅಂಗಡಿ. ಅಕ್ಕನ ಮಗಳಿಗೆ ಒಡವೆ ಅಂಗಡಿಯಲ್ಲಿ ಕೆಲಸ ಗೊತ್ತಾಗಿತ್ತು. ವಿಳಾಸ ಕೇಳಿದ ಮಾಲೀಕ, ಹೇಳಿ ಕಳಿಸುತ್ತೇನೆ ಎಂದು ಸಾಗಹಾಕಿದ. ಗಲ್ಲಾದ ಹಿಂದಿನ ಗೋಡೆಗೆ ಆ ನಕ್ಷೆ ಅಂಟಿಸಿತ್ತು. ಮೂಲೆಯಲ್ಲಿ ಸೋದರಮಾವನ ಹೆಸರು.

ಅಕ್ಕ ಹೊಲಿಗೆ ಯಂತ್ರ ನಿಲ್ಲಿಸದೆಯೇ ಕೇಳಿದಳು: “ಫೋನು, ಸೈಕಲ್ಲು ಕಳ್ಕೊಂಡು ದೂರು ಕೊಟ್ಟೋರು ನಾವು ಕಣೋ. ಕಳ್ಳರೂ ನಾವೇ ಆದ್ವಾ?”

ಚಕ್ರವರ್ತಿ ನೇರ ಕಚೇರಿಗೆ ಓಡಿದ. ರಾತ್ರಿಗೆ ಕಾಯದೆ ಸರಿಯಾಗಿ ಭಾಗಿಸಿ ಹೊಸ ನಕ್ಷೆ ಮಾಡಿದ. ಬಡಾವಣೆಯ ಕೆಂಪು ಇಳಿದು ಉಳಿದ ಊರಿನ ಬಣ್ಣಕ್ಕೇ ಬಂತು. ಊರೆಲ್ಲ ಒಂದೇ ಬಣ್ಣವಾದರೆ ಸುದ್ದಿ ಎಲ್ಲಿದೆ ಎಂದು ಸಂಪಾದಕರು ನಕ್ಕು, ಒಳಪುಟದಲ್ಲಿ ಪುಟ್ಟದೊಂದು ತಿದ್ದುಪಡಿ ಹಾಕಿಸಿದರು. ಅದನ್ನು ಓದಿದವರು ಅವನು ಮತ್ತು ಕರಡು ತಿದ್ದುವವನು.

ಕೊನೆಗೆ ತಾನೇ ದಂಡಯಾತ್ರೆ ಹೊರಟ. ಒಡವೆ ಅಂಗಡಿಯ ಮಾಲೀಕ ಎರಡೂ ನಕ್ಷೆಗಳನ್ನು ಚಿನ್ನ ಒರೆಗೆ ಹಚ್ಚುವವನಂತೆ ನೋಡಿದ.

“ಅದೂ ನಿಮ್ದೇ ಅಲ್ವಾ ಸಾರ್? ಅದು ನೋಡಿದ ತಕ್ಷಣ ಅರ್ಥ ಆಗುತ್ತೆ. ಇದನ್ನ ನೀವೇ ಬಂದು ವಿವರಿಸ್ಬೇಕು.”

ಆಮೇಲೆ ಮರುಕಪಟ್ಟು, ಹುಡುಗಿಗೆ ಬೇರೆ ವಿಳಾಸವಿದ್ದರೆ ನಾಳೆಯೇ ಬರಲಿ ಎಂದ. ಚಕ್ರವರ್ತಿ ಹಿಂದೆ ಮುಂದೆ ನೋಡದೆ ತನ್ನ ಮನೆಯ ವಿಳಾಸ ಕೊಟ್ಟುಬಿಟ್ಟ. ಹುಡುಗಿ ಇನ್ನು ನಮ್ಮಲ್ಲೇ ಇರಲಿ ಎಂದು ಗೆದ್ದವನಂತೆ ಬಂದು ಅಕ್ಕನಿಗೆ ಸುದ್ದಿ ಮುಟ್ಟಿಸಿದ.

ಮಗಳು ತಾಯಿಯ ಮುಖ ನೋಡಿದಳು. ಅಕ್ಕ ಹೊಲಿಯುತ್ತಿದ್ದುದನ್ನು ಬದಿಗಿಟ್ಟು, ಮಗಳ ಬಟ್ಟೆಗಳನ್ನು ಮಡಿಸಿ ಚೀಲಕ್ಕೆ ತುಂಬತೊಡಗಿದಳು.

“ನಿಮ್ಮಮ್ಮ ಎಲ್ಲಿರೋದು ಅಂತ ಅಂಗಡೀಲಿ ಯಾರಾದ್ರೂ ಕೇಳಿದ್ರೆ,” ಎಂದಳು, “ಏನು ಹೇಳ್ಬೇಕು ಅಂತ ನಿಮ್ಮ ಮಾವನ್ನೇ ಕೇಳ್ಕೊಳೇ.”

ಹುಡುಗಿ ಮಾವನತ್ತ ತಿರುಗಿದಳು. ಚಕ್ರವರ್ತಿ ಚೀಲದ ಜಿಪ್ಪು ಎಳೆಯುವ ಮಹಾಕಾರ್ಯದಲ್ಲಿ ಮುಳುಗಿದ್ದ.