ಅರ್ಧ ಸಿನಿಮಾದ ಅಭಿಪ್ರಾಯ

ನಮ್ಮ ಕನ್ನಡಕದಂಗಡಿಯ ಹಿಂದುಗಡೆ ಒಂದು ಇಕ್ಕಟ್ಟಾದ ಕೋಣೆಯಿದೆ. ಲೆನ್ಸ್ ಉಜ್ಜುವ ಯಂತ್ರ, ಅದರ ಪಕ್ಕದಲ್ಲಿ ನನ್ನ ಸ್ಟೂಲು, ಮುರಿದ ಫ್ರೇಮುಗಳನ್ನು ಹಾಕಿಡುವ ಒಂದು ಬಿಸ್ಕತ್ತಿನ ಡಬ್ಬಿ. ಮಧ್ಯಾಹ್ನ ಮಾಲೀಕರು ಊಟಕ್ಕೆ ಮನೆಗೆ ಹೋದ ಮೇಲೆ ನಾವು ಮೂವರು ಹೆಂಗಸರು ಅಲ್ಲಿ ಬುತ್ತಿ ಬಿಚ್ಚುತ್ತೇವೆ. ಲೆನ್ಸ್ ಕೂರಿಸುವ ನಾನು, ಬಿಲ್ಲು ಬರೆಯುವ ಹುಡುಗಿ, ಕೌಂಟರಿನಲ್ಲಿ ನಿಂತು ಗಿರಾಕಿಗಳ ಮೂಗಿಗೆ ಕನ್ನಡಕ ಹೊಂದಿಸುವ ಅಕ್ಕ. ಸೋಮವಾರ ಬಂತೆಂದರೆ ಊಟಕ್ಕೆ ನಂಚಿಕೊಳ್ಳಲು ಸಿನಿಮಾ. ಭಾನುವಾರ ಅವರವರ ಮನೆಯ ಟಿವಿಯಲ್ಲಿ ನೋಡಿದ್ದನ್ನು ಅಲ್ಲಿ ತಂದು ಹರಡುತ್ತೇವೆ.

ಮೂವರಲ್ಲಿ ಅಕ್ಕನ ಅಭಿಪ್ರಾಯಕ್ಕೇ ಗಿರಾಕಿ ಹೆಚ್ಚು. ಒಂದು ಹಾಡಿನಲ್ಲಿ ಹೀರೋ ಕೆಸರಿನಲ್ಲಿ ಹೊರಳಾಡಿ ಮುಂದಿನ ಸಾಲಿಗೇ ಬೆಳ್ಳಗಿನ ಶರ್ಟಿನಲ್ಲಿ ಎದ್ದು ಬಂದಿದ್ದ. ನಾವೆಲ್ಲ ಅವನ ಮುಖ ನೋಡಿದರೆ ಅಕ್ಕ ಶರ್ಟು ನೋಡಿದ್ದಳು. "ಆ ಕಾಲರು ಉಜ್ಜಿದವಳು ಯಾರು ಅಂತ? ಹೀರೋಯಿನ್ ಜೊತೆ ಕುಣಿಯೋದಕ್ಕೆ ಅವಳನ್ನ ಕರೀಬೇಕಿತ್ತು" ಎಂದಳು. ಆ ಹಾಡು ಈಗ ಎಲ್ಲಿ ಕೇಳಿದರೂ ನನಗೆ ಕಾಲರೇ ನೆನಪಾಗುತ್ತದೆ.

ಒಂದೇ ತೊಂದರೆ. ಅಕ್ಕ ಯಾವ ಸಿನಿಮಾವನ್ನೂ ಪೂರ್ತಿ ನೋಡಿದವಳಲ್ಲ.

ಮನೆಯಲ್ಲಿ ಅವಳ ಜಾಗ ಸೋಫಾದ ತುದಿ, ಅಡುಗೆಮನೆಯ ಬಾಗಿಲಿಗೆ ಹತ್ತಿರ. ಮುಂದಿನ ಸ್ಟಾಪಿನಲ್ಲಿ ಇಳಿಯುವವರು ಬಸ್ಸಿನಲ್ಲಿ ಕೂರುವ ಹಾಗೆ ಕೂರುತ್ತಾಳಂತೆ. ಗಂಡ ಡ್ರೈವಿಂಗ್ ಶಾಲೆಯ ಮೇಷ್ಟ್ರು. ದಿನವಿಡೀ ಪಕ್ಕದ ಸೀಟಿನಲ್ಲಿ ಕೂತು ಬೇರೆಯವರ ಕೈಯಲ್ಲಿ ಗಾಡಿ ಓಡಿಸುವವರು, ಮನೆಗೆ ಬಂದ ಮೇಲೂ ಅದನ್ನೇ ಮುಂದುವರಿಸುತ್ತಾರೆ. ಆ ಮನೆಯಲ್ಲಿ ಯಾರೂ ಟೀ ಮಾಡು ಎಂದು ಹೇಳುವಷ್ಟು ಒರಟರಲ್ಲ. "ಒಂಚೂರು ಟೀ ಇದ್ದಿದ್ರೆ" ಎಂದು ಗಾಳಿಗೆ ಹೇಳುತ್ತಾರೆ. ಕಾಲೇಜಿಗೆ ಹೋಗುವ ಮಗ "ಚಾರ್ಜರ್ ಒಳಗಿದೆ ಅನ್ಸತ್ತೆ" ಎನ್ನುತ್ತಾನೆ. ಅಕ್ಕ ಎದ್ದರೆ ಸಿನಿಮಾ ನಿಲ್ಲುವುದಿಲ್ಲ. "ನೀನು ಹೋಗಿ ಬಾ, ಏನಾಯ್ತು ಅಂತ ನಾವು ಹೇಳ್ತೀವಿ." ವಾಪಸು ಬಂದು ಕೇಳಿದರೆ ಉತ್ತರ ಯಾವಾಗಲೂ ಒಂದೇ. "ಏನಿಲ್ಲ, ಅವನು ಬಂದ, ಇವಳು ಹೋದಳು."

ಸಿನಿಮಾ ಮುಗಿದ ಮೇಲೆ ಅಪ್ಪ ಮಗ ಕೂತು ವಿಮರ್ಶೆ ಮಾಡುತ್ತಾರೆ. ಅಪ್ಪ ಚಿತ್ರಕಥೆ ಸಡಿಲ ಎನ್ನುತ್ತಾರೆ, ಮಗ ಕ್ಯಾಮೆರಾ ಸೂಪರ್ ಎನ್ನುತ್ತಾನೆ. ಅಕ್ಕ ಬಾಯಿ ತೆರೆದರೆ, "ನೀನು ಪೂರ್ತಿ ಎಲ್ಲಿ ನೋಡಿದೀಯ?" ಎಂದು ಇಬ್ಬರೂ ನಗುತ್ತಾರೆ. ಹಾಗಾಗಿ ಅವಳ ಅಭಿಪ್ರಾಯಗಳೆಲ್ಲ ಬುತ್ತಿಯ ಜೊತೆ ನಮ್ಮ ಕೋಣೆಗೆ ಬರುತ್ತಿದ್ದವು. ನೋಡದೆ ಉಳಿದ ಭಾಗವನ್ನು ಅವಳು ಊಹಿಸಿಕೊಂಡು ತುಂಬಿಸುತ್ತಿದ್ದಳು. ನಮಗೆ ಅದು ಗೊತ್ತಿರಲಿಲ್ಲ. ಒಂದು ಪೊಲೀಸ್ ಸಿನಿಮಾದಿಂದ ಗೊತ್ತಾಯಿತು.

ಆ ಸಿನಿಮಾದಲ್ಲಿ ಇನ್ಸ್‌ಪೆಕ್ಟರು ಹೆಂಡತಿಯ ತವರಿಗೆ ಹೋಗಿ, ಎಲ್ಲರ ಊಟವಾದ ಮೇಲೆ ರಾಶಿ ಪಾತ್ರೆ ತೊಳೆಯುತ್ತಾನೆ ಎಂದು ಅಕ್ಕ ಹೇಳಿದ್ದಳು. ಬಿಲ್ಲಿನ ಹುಡುಗಿಗೆ ಅದು ಎಷ್ಟು ಹಿಡಿಸಿತೆಂದರೆ, ಉಂಡ ತಟ್ಟೆ ಎತ್ತದ ತನ್ನ ಅಣ್ಣನನ್ನು ಎಳೆದು ಕೂರಿಸಿ ಆ ಸಿನಿಮಾ ಹಾಕಿದಳು. ಮಾರನೆಯ ದಿನ ಬುತ್ತಿಯ ಮುಚ್ಚಳವನ್ನು ಠಪ್ಪೆಂದು ಕೆಳಗಿಟ್ಟಳು.

"ಅಕ್ಕಾ, ಎಲ್ಲಿದೆ ಆ ಪಾತ್ರೆ ತೊಳೆಯೋ ಸೀನು?"

"ಇದೆಯಲ್ಲ. ಮನೆ ತುಂಬ ಜನ ಊಟಕ್ಕೆ ಕೂತಿದ್ರು, ನಾನೇ ನೋಡಿದೆ. ಅಷ್ಟರಲ್ಲಿ ಕುಕ್ಕರ್ ಕೂಗ್ತು, ಹೋದೆ. ವಾಪಸ್ ಬಂದಾಗ ಅಡುಗೆಮನೆ ಪಳಪಳ ಅಂತಿತ್ತು. ಇನ್ಸ್‌ಪೆಕ್ಟ್ರು ಸಿಂಕಿನ ಹತ್ರ ಕೈ ಒರೆಸ್ಕೊಳ್ತಾ ನಿಂತಿದ್ರು. ಮಧ್ಯದಲ್ಲಿ ಇನ್ನೇನು ಆಗಿರತ್ತೆ?"

"ಕೊಲೆ ಆಗಿರತ್ತೆ. ಅವನು ತೊಳ್ಕೊಂಡಿದ್ದು ರಕ್ತ."

ನಾನು ನಗು ತಡೆಯಲು ಹಲ್ಲು ಕಚ್ಚಿ ಯಂತ್ರದ ಕಡೆ ತಿರುಗಿ ಕೂತೆ. ಅಕ್ಕ ಬಿಡಲಿಲ್ಲ.

"ಹಾಗಾದ್ರೆ ಪಾತ್ರೆ ತೊಳೆದವರು ಯಾರು?"

"ಅದು ನನಗೇನು ಗೊತ್ತು? ಅಣ್ಣ ಇಡೀ ಸಿನಿಮಾ ನೋಡಿ, ಇದರಿಂದ ನಾನೇನು ಕಲೀಬೇಕು ಹೇಳು, ಕೊಲೆ ಮಾಡ್ಲಾ ಅಂತ ಕೇಳ್ತಿದಾನೆ. ಇನ್ಮೇಲೆ ಪೂರ್ತಿ ನೋಡ್ದೆ ಇರೋ ಸಿನಿಮಾ ಬಗ್ಗೆ ನಿಮ್ಮ ಅಭಿಪ್ರಾಯ ಬಂದ್. ಈ ಭಾನುವಾರ ಒಂದು ಸಿನಿಮಾ ಆದಿಯಿಂದ ಅಂತ್ಯದವರೆಗೂ ನೋಡ್ಕೊಂಡು ಬನ್ನಿ. ಮೂವರು ಅಣ್ಣತಮ್ಮಂದಿರ ಜಗಳದ್ದು ಹೊಸದಾಗಿ ಬಂದಿದೆಯಲ್ಲ, ಅದು. ನಾನು ನೋಡಿದೀನಿ. ಕೊನೇ ಸೀನಿಂದ ಪ್ರಶ್ನೆ ಕೇಳ್ತೀನಿ."

"ಪಾಸಾಗ್ಲಿಲ್ಲ ಅಂದ್ರೆ?"

"ಸುಮ್ನೆ ಊಟ ಮಾಡಿ ಎದ್ದು ಹೋಗೋದು. ಇಂಟರ್‌ವಲ್ ಅಕ್ಕ ಅಂತ ಹೆಸರೂ ಇಡ್ತೀನಿ."

ಆ ಹೆಸರು ಕೇಳಿ ಅಕ್ಕ ನಕ್ಕಳು. ಸುಮ್ಮನೆ ಊಟ ಮಾಡಿ ಎದ್ದು ಹೋಗುವ ಮಾತಿಗೆ ನಗಲಿಲ್ಲ. ಅದನ್ನು ಅವಳು ಮನೆಯಲ್ಲಿ ದಿನವೂ ಮಾಡುತ್ತಿದ್ದಳು. ಅವಳು ಹೇಳಿದ್ದನ್ನು ಕೊನೆಯವರೆಗೂ ಕೇಳುವ ಜಾಗ ಇದ್ದದ್ದು ಅದೊಂದೇ, ಲೆನ್ಸಿನ ಪುಡಿ ಹಾರುವ ನಮ್ಮ ಕೋಣೆ.

ಭಾನುವಾರ ಏನಾಯಿತು ಎಂಬುದನ್ನು ಅವಳ ಬಾಯಿಂದ ಕೇಳಿದ ಹಾಗೆಯೇ ಹೇಳುತ್ತೇನೆ.

ಬೆಳಗ್ಗೆಯೇ ಎರಡು ಹೊತ್ತಿನ ಅಡುಗೆ ಮುಗಿಸಿದಳಂತೆ. ಮಧ್ಯಾಹ್ನ ಊಟವಾದ ಮೇಲೆ ಸೋಫಾದ ಮುಂದಿನ ಟೀಪಾಯಿಯ ಮೇಲೆ ನೀರಿನ ಬಾಟಲಿಗಳು, ಹುರಿದ ಕಡಲೆಕಾಯಿ, ಸಿಪ್ಪೆ ಹಾಕಲು ಬಟ್ಟಲು, ಚಾರ್ಜರು, ಮಗನಿಗೆ ಆಮೇಲೆ ಬೇಕಾಗಬಹುದಾದ ಹೊದಿಕೆ, ಗಂಡನಿಗೆ ಈಗಲೇ ಬೇಕಾಗುವ ದಿಂಬು, ಎಲ್ಲ ಜೋಡಿಸಿದಳು. ಆಸ್ಪತ್ರೆಗೆ ಹೊರಟವರ ಮನೆಯ ಹಾಗೆ ಕಾಣುತ್ತಿತ್ತಂತೆ. ಅಂದು ಮೊದಲ ಬಾರಿಗೆ ತುದಿಯ ಜಾಗ ಬಿಟ್ಟು ಸೋಫಾದ ನಡುವೆ, ಅವರ ಜೊತೆಗೇ ಇರುವ ಅತ್ತೆಯ ಪಕ್ಕದಲ್ಲಿ ಒರಗಿ ಕೂತಳು.

"ಇವತ್ತು ಪೂರ್ತಿ ನೋಡ್ತೀನಿ" ಎಂದಳು.

"ನೋಡು, ಬೇಡ ಅಂದೋರು ಯಾರು?" ಎಂದರು ಗಂಡ.

ತೆರೆಯ ಮೇಲೆ ಹೆಸರುಗಳು ಮುಗಿದು ದೊಡ್ಡ ಮನೆಯ ಬಾಗಿಲು ತೆರೆಯಿತು. ಮೂವರು ಅಣ್ಣತಮ್ಮಂದಿರು ಆಸ್ತಿ ಪಾಲಿನ ಮಾತೆತ್ತಿದರು. ಅವರ ತಾಯಿ ಕಂಬ ಹಿಡಿದುಕೊಂಡಳು. ಅಷ್ಟರಲ್ಲಿ ಮೇಷ್ಟ್ರು ಕಡಲೆಕಾಯಿ ಅಗಿಯುತ್ತಾ ಗಾಳಿಗೆ ಹೇಳಿದರು.

"ಇದರ ಜೊತೆ ಒಂಚೂರು ಟೀ ಇದ್ದಿದ್ರೆ."

ಅಕ್ಕ ಕೇಳಿಸಿಕೊಳ್ಳಬಾರದೆಂದು ನಿರ್ಧಾರ ಮಾಡಿದ್ದಳು. ಆದರೆ ಅವಳ ಮಂಡಿಗಳಿಗೆ ಆ ವಿಷಯ ತಿಳಿಸಿರಲಿಲ್ಲ. ಅವು ಆಗಲೇ ಏಳತೊಡಗಿದ್ದವು. ಆಗ ಅವಳ ಮಡಿಲಿಗೆ ಭಾರವಾದದ್ದೇನೋ ಬಿತ್ತು. ನೋಡಿದರೆ ಅತ್ತೆಯ ಎರಡೂ ಕಾಲು.

"ಅಯ್ಯೋ, ಮೀನಖಂಡ ಹಿಡ್ಕೊಂಡುಬಿಡ್ತು. ಸ್ವಲ್ಪ ಒತ್ತೇ."

"ಈಗ್ಲೇನಮ್ಮಾ?" ಎಂದರು ಮೇಷ್ಟ್ರು.

"ನೋವು ನಿನ್ನ ಟೈಮ್ ಕೇಳ್ಕೊಂಡು ಬರತ್ತಾ? ಸೊಸೆ ಅತ್ತೆಯ ಕಾಲು ಒತ್ತಿದ್ರೆ ನಿನಗೇನು ಕಷ್ಟ?"

ಏನೂ ಕಷ್ಟವಿರಲಿಲ್ಲ. ಅತ್ತೆಯ ಸೇವೆ ಬಿಟ್ಟು ಟೀ ಮಾಡು ಎನ್ನುವ ಧೈರ್ಯ ಮೇಷ್ಟ್ರಿಗೂ ಇರಲಿಲ್ಲ. ಎದ್ದು ಹೋದರು. ಸ್ವಲ್ಪ ಹೊತ್ತಿಗೆ ಒಳಗಿಂದ ದನಿ ಬಂತು.

"ಟೀ ಪುಡಿ ಎಲ್ಲಿದೆ?"

"ಸಕ್ಕರೆ ಡಬ್ಬಿ ಪಕ್ಕ" ಎಂದರು ಅತ್ತೆ.

"ಸಕ್ಕರೆ ಡಬ್ಬಿ ಎಲ್ಲಿ?"

"ಟೀ ಪುಡಿ ಪಕ್ಕ."

ಅಕ್ಕ ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಹಿಮ್ಮಡಿಯಿಂದ ಅವಳ ಮೊಣಕಾಲನ್ನು ಮೆಲ್ಲಗೆ ತಿವಿದರು.

"ಸಿನಿಮಾ ಸ್ವಲ್ಪ ನಿಲ್ಸ್ರೋ" ಎಂದು ಒಳಗಿಂದ ಕೂಗು. ಮಗ ರಿಮೋಟಿಗಾಗಿ ದಿಂಬು ಎತ್ತಿದ, ಹೊದಿಕೆ ಕೊಡವಿದ. ರಿಮೋಟು ಅಜ್ಜಿಯ ಕೆಳಗಿತ್ತು. ಅಜ್ಜಿ ಅಡುಗೆಮನೆಯ ಕಡೆ ಕತ್ತು ತಿರುಗಿಸಿ, ಆ ಮನೆಯ ಹಳೆಯ ಮಾತನ್ನು ಸಕ್ಕರೆ ಬೆರೆಸಿ ಹೇಳಿದರು.

"ನೀನು ಮುಗಿಸ್ಕೊಂಡು ಬಾಪ್ಪ. ಏನಾಯ್ತು ಅಂತ ನಾವು ಹೇಳ್ತೀವಿ."

ಹಾಲು ಉಕ್ಕಿತು. ವಾಸನೆ ಬಂತು, ಹಿಂದೆಯೇ ಹೊಗೆ ಬಂತು. ಮೊದಲ ಟೀ ಚೆಲ್ಲಿ ಎರಡನೆಯದಕ್ಕೆ ನೀರಿಟ್ಟ ಸದ್ದಾಯಿತು. ಅದರ ನಡುವೆ ಹೊರಗೆ ಮೋಡ ಕವಿಯಿತು. ಮಹಡಿಯ ಮೇಲೆ ಒಗೆದ ಬಟ್ಟೆಯಿತ್ತು.

"ಬಟ್ಟೆ" ಎಂದಳು ಅಕ್ಕ.

"ನೀನು ಒತ್ತು. ಹೋಗೋ ಮೊಮ್ಮಗನೇ, ನಿನ್ನ ಪ್ಯಾಂಟೇ ಜಾಸ್ತಿ ಇದೆ ಅಲ್ಲಿ" ಎಂದರು ಅತ್ತೆ. ಮಗ ಅಜ್ಜಿಯ ಮುಖ ನೋಡಿದ, ಟಿವಿ ನೋಡಿದ, ಕಿಟಕಿ ನೋಡಿದ. ಯಾರೂ ಅವನ ಪರವಾಗಿರಲಿಲ್ಲ. ಹೋದ.

ಸೋಫಾದಲ್ಲಿ ಇಬ್ಬರೇ ಹೆಂಗಸರು ಉಳಿದರು. ಅಕ್ಕ ಭಕ್ತಿಯಿಂದ ಮೀನಖಂಡ ನೀವುತ್ತಾ, "ಈಗ ಹೇಗಿದೆ ಅತ್ತೆ? ಎಡಗಾಲಾ, ಬಲಗಾಲಾ?" ಎಂದು ಕೇಳಿದಳು.

"ಯಾವುದಾದ್ರೂ ಒಂದು ಹಿಡ್ಕೊಂಡಿರು, ಸಾಕು. ಮೊನ್ನೆ ಫೋನಲ್ಲಿ ಆ ಬಿಲ್ಲಿನ ಹುಡುಗಿ ಹತ್ರ ಪರೀಕ್ಷೆ ಪರೀಕ್ಷೆ ಅಂತಿದ್ಯಲ್ಲ, ಕೇಳಿಸ್ಕೊಂಡೆ." ಅತ್ತೆ ತೆರೆಯಿಂದ ಕಣ್ಣು ತೆಗೆಯದೆ ಮಾತಾಡಿದರು. "ನಿಮ್ಮ ಮಾವ ನನ್ನ ಟಾಕೀಸಿಗೆ ಕರ್ಕೊಂಡು ಹೋಗ್ತಿದ್ರು. ದೀಪ ಆರಿದ ಕೂಡ್ಲೇ ಮಗು ಅಳೋದು. ಎತ್ಕೊಂಡು ನಾನು ಹೊರಗೆ. ನಾನು ನೋಡಿದ್ದೆಲ್ಲ ಟಾಕೀಸಿನ ಗೋಡೆ, ಕಡಲೆಕಾಯಿ ಮಾರೋನ ಮುಖ. ಅವನಿಗೂ ನನ್ನ ಗುರ್ತು ಸಿಗ್ತಿತ್ತು, ಬಾಮ್ಮ ಅಂತಿದ್ದ."

"ಅಳ್ತಿದ್ದ ಮಗು ಯಾವುದು ಅತ್ತೆ?"

"ಒಬ್ಬನೇ ಅಲ್ವೇನೇ ನನಗೆ. ಒಳಗೆ ಹಾಲು ಉಕ್ಕಿಸ್ತಿದಾನಲ್ಲ, ಅವನೇ."

ಅಡುಗೆಮನೆಯಲ್ಲಿ ಏನೋ ಉರುಳಿ ಬಿತ್ತು. ಇಬ್ಬರೂ ಅಲ್ಲಾಡಲಿಲ್ಲ. ಸಿನಿಮಾ ಕೊನೆಗೆ ಬಂದಿತ್ತು.

ಎಲ್ಲ ಮುಗಿದು ಹೆಸರುಗಳು ಮೇಲಕ್ಕೆ ಹರಿಯುವಾಗ ಮೇಷ್ಟ್ರು ಟ್ರೇ ಹಿಡಿದು ಬಂದರು. ಒದ್ದೆ ತೋಳು, ಟ್ರೇಯ ಮೂಲೆಯಲ್ಲಿ ಒಂದು ಕಡ್ಡಿ ಸೊಟ್ಟಗಾದ ಕನ್ನಡಕ. ಹಬೆ ಕೂತಿತೆಂದು ತೆಗೆದಿಟ್ಟು, ಅದರ ಮೇಲೇ ಬಿಸಿ ಪಾತ್ರೆ ಇಳಿಸಿದ್ದರಂತೆ. ಹಿಂದೆಯೇ ಮಗ ಬಟ್ಟೆಯ ಗುಡ್ಡೆ ಹೊತ್ತು ಬಂದ. ಅವನು ಅದನ್ನು ಸೋಫಾದ ಮೇಲೆ ಹಾಕಿ ಫೋನು ಹಿಡಿದ.

"ಕೊನೆಗೆ ಏನಾಯ್ತು?" ಎಂದು ಕೇಳಿದರು ಮೇಷ್ಟ್ರು. "ಹಿಂದಕ್ಕೆ ಹಾಕಿ ನೋಡೋಣ, ರಿಮೋಟ್ ಎಲ್ಲಿ?"

ರಿಮೋಟು ಅತ್ತೆಯ ಕೆಳಗಿತ್ತು. ಅತ್ತೆಗೆ ನಿದ್ದೆ ಬಂದಿತ್ತು, ಅಥವಾ ಬಂದವರ ಹಾಗೆ ಕಣ್ಣು ಮುಚ್ಚಿದ್ದರು.

ಇಷ್ಟು ಹೇಳಿ ಅಕ್ಕ ನಮ್ಮೆದುರು ಬುತ್ತಿ ಮುಚ್ಚಿದಳು. ಬಿಲ್ಲಿನ ಹುಡುಗಿ ಪರೀಕ್ಷೆಯನ್ನು ಮರೆತಿರಲಿಲ್ಲ.

"ಸರಿ, ಕೊನೇ ಸೀನಲ್ಲಿ ಏನಿತ್ತು?"

"ಮೂವರೂ ಒಂದಾದ್ರು. ಉದ್ದದ ಮೇಜು, ಮನೆ ಮಂದಿಯೆಲ್ಲ ಊಟಕ್ಕೆ ಕೂತ್ರು. ಅಮ್ಮ ನಗ್ತಾ ಬಡಿಸಿದ್ಲು. ಎಲ್ಲರ ಕಣ್ಣಲ್ಲೂ ನೀರು."

"ಅಮ್ಮನ ಬಟ್ಟೆ ಯಾವ ಬಣ್ಣ?"

"ಹಸಿರು. ಈಗ ನಾನು ಕೇಳ್ತೀನಿ, ಅಮ್ಮನ ಕುರ್ಚಿ ಎಲ್ಲಿತ್ತು?"

ಹುಡುಗಿ ಕಣ್ಣು ಮುಚ್ಚಿ ನೆನಪಿಸಿಕೊಂಡಳು. ತುತ್ತು ಕೈಯಲ್ಲೇ ನಿಂತಿತು. "ಇರಲಿಲ್ಲ" ಎಂದಳು ನಿಧಾನವಾಗಿ.

"ಇರಲಿಲ್ಲ. ಮನೆ ಯಾರಿಗೆ ಅಂತ ಇಡೀ ಸಿನಿಮಾ ಹೊಡೆದಾಡಿದ್ರು, ಅವಳಿಗೊಂದು ಕುರ್ಚಿ ಹಾಕ್ಲಿಲ್ಲ. ಇದು ಪೂರ್ತಿ ನೋಡಿದವಳ ಅಭಿಪ್ರಾಯ, ಬರ್ಕೋ."

"ಪಾಸು" ಎಂದಳು ಹುಡುಗಿ. ನಾನು ತಡೆಯಲಾರದೆ ಕೇಳಿದೆ. "ನಿಮ್ಮ ಯಜಮಾನರಿಗೆ ಏನು ಹೇಳಿದ್ರಿ?"

"ಅದಾ?" ಅಕ್ಕ ಕೈ ತೊಳೆಯಲು ಎದ್ದಳು. "ಅವನು ಬಂದ, ಇವಳು ಹೋದಳು ಅಂತ ಹೇಳೋಣ ಅನ್ಕೊಂಡೆ. ಪಾಪ ಅನ್ನಿಸ್ತು, ಇನ್ನೂ ಚೆನ್ನಾಗಿರೋದು ಹೇಳ್ದೆ."

ಏನು ಹೇಳಿದ್ದಳೆಂದು ತಿಳಿದದ್ದು ಆ ವಾರದ ನಡುವೆ, ಮೇಷ್ಟ್ರೇ ಸೊಟ್ಟ ಕನ್ನಡಕ ಹಿಡಿದು ಅಂಗಡಿಗೆ ಬಂದಾಗ. ಅಕ್ಕ ಅದನ್ನು ಬಿಸಿ ಮಾಡಿ ನೇರಗೊಳಿಸುತ್ತಿದ್ದಳು. ನಾನು ಲೆನ್ಸ್ ಒರೆಸುವ ನೆಪದಲ್ಲಿ ಕೌಂಟರಿಗೆ ಬಂದು ನಿಂತೆ. ಬಿಲ್ಲಿನ ಹುಡುಗಿ ಮುಖ ಗಂಭೀರ ಮಾಡಿಕೊಂಡು ಕೇಳಿದಳು.

"ಸರ್, ಇತ್ತೀಚೆಗೆ ಯಾವುದಾದ್ರೂ ಒಳ್ಳೆ ಸಿನಿಮಾ ನೋಡಿದ್ರಾ?"

ಮೇಷ್ಟ್ರು ಕೌಂಟರಿಗೆ ಮೊಣಕೈಯೂರಿದರು. "ಆ ಮೂವರು ಅಣ್ಣತಮ್ಮಂದಿರದ್ದು ನೋಡಿ. ಮಧ್ಯದಲ್ಲಿ ಸ್ವಲ್ಪ ಸಡಿಲ. ಆದ್ರೆ ಕ್ಲೈಮ್ಯಾಕ್ಸ್ ಇದೆಯಲ್ಲ, ಅದಕ್ಕೇ ದುಡ್ಡು. ಅಮ್ಮ ಹೋಗಿ ಮೇಜಿನ ತುದಿಯಲ್ಲಿ, ಯಜಮಾನ್ರ ಜಾಗದಲ್ಲಿ ಕುರ್ಚಿ ಎಳ್ಕೊಂಡು ಕೂತುಬಿಡ್ತಾಳೆ. ಇವತ್ತು ನೀವು ಬಡಿಸಿ ಅಂತಾಳೆ. ಮೂವರೂ ಅಡುಗೆಮನೆಗೆ ಹೋಗ್ತಾರೆ. ಹಾಲು ಉಕ್ಕಿ ಹೊಗೆ. ದೊಡ್ಡವನಿಗೆ ಟೀ ಪುಡಿನೇ ಸಿಗಲ್ಲ. ಎಷ್ಟು ಸಹಜವಾಗಿದೆ ಅಂದ್ರೆ, ನಮ್ಮ ಮನೇಲೇ ನಡೀತಿದೆ ಅನ್ಸತ್ತೆ."

ಹುಡುಗಿಯ ಕೈಯಲ್ಲಿದ್ದ ಪೆನ್ನು ಬಿಲ್ಲಿನ ಮೇಲೆ ಉದ್ದ ಗೆರೆ ಎಳೆಯಿತು. "ಆ ಸೀನ್ ನೀವು ಪೂರ್ತಿ ನೋಡಿದ್ರಾ ಸರ್?"

"ಕಣ್ಣು ಮಿಟುಕಿಸದೆ ನೋಡಿದೆ. ನಮ್ಮ ಶಾಲೆಯಲ್ಲೂ ಎಲ್ಲರಿಗೂ ಹೇಳಿದೀನಿ, ಎದ್ದು ಹೋಗ್ಬೇಡಿ, ಕ್ಲೈಮ್ಯಾಕ್ಸ್ ತಪ್ಪಿಸ್ಕೊಳ್ತೀರ ಅಂತ."

ನಾನು ಹಿಂದಿನ ಕೋಣೆಗೆ ಓಡಿ ಯಂತ್ರ ಶುರು ಮಾಡಿದೆ. ನಗು ಮುಚ್ಚಲು ಅದರ ಸದ್ದು ಬೇಕಿತ್ತು. ಪರದೆಯ ಸಂದಿಯಿಂದ ನೋಡಿದರೆ ಅಕ್ಕ ಗಂಡನ ಕಿವಿಗೆ ಕನ್ನಡಕ ಸಿಕ್ಕಿಸಿ, ಬೇರೆ ಯಾವುದೇ ಗಿರಾಕಿಯನ್ನು ಕೇಳುವಂತೆಯೇ ಕೇಳುತ್ತಿದ್ದಳು.

"ಈಗ ಸರಿಯಾಗಿ ಕಾಣ್ತಿದೆಯಾ?"

"ಸ್ಪಷ್ಟವಾಗಿ" ಎಂದರು ಮೇಷ್ಟ್ರು. ಕನ್ನಡಿಯಲ್ಲಿ ಮುಖ ನೋಡಿಕೊಂಡು ಹೊರಡುತ್ತಾ ಬಾಗಿಲ ಬಳಿ ನಿಂತರು. "ಈ ಭಾನುವಾರ ಯಾವುದು ನೋಡೋಣ?"

ಅಕ್ಕ ಕೌಂಟರಿನ ಗಾಜು ಒರೆಸುತ್ತಾ ಹೇಳಿದಳು.

"ನನ್ನೇನು ಕೇಳ್ತೀರಿ? ಅತ್ತೆ ಕಾಲು ಹೇಗಿರತ್ತೋ, ಅದರ ಮೇಲೆ."