ಇಲ್ಲದ ಪ್ರಿಂಟರಿಗೆ ಕಳಿಸಿದ ಕೈಪಿಡಿ

ಆಸ್ಪತ್ರೆಯ ದಾಖಲೆ ಕೋಣೆಯ ಗುಮಾಸ್ತರನ್ನು ಡಾಕ್ಟರರಿಂದ ಹಿಡಿದು ನೆಲ ಒರೆಸುವವರವರೆಗೆ ಎಲ್ಲರೂ ಚಿಕ್ಕಪ್ಪ ಎಂದೇ ಕರೆಯುತ್ತಿದ್ದರು. ಅಣ್ಣನೇ ಇಲ್ಲದ ಮನುಷ್ಯ ಇಷ್ಟೊಂದು ಜನಕ್ಕೆ ಚಿಕ್ಕಪ್ಪನಾದದ್ದು ಹೇಗೆಂದು ಅವರ ಹೆಂಡತಿಗೂ ತಿಳಿಯದು. ಅವರಿಗಿಂತ ಎಂಟು ವರ್ಷ ದೊಡ್ಡವರಾದ ಮಕ್ಕಳ ವಾರ್ಡಿನ ನರ್ಸಮ್ಮನೂ ಹಾಗೇ ಕರೆಯುತ್ತಿದ್ದರು. ಚಿಕ್ಕಪ್ಪ ತಿರುಗಿ ಅಕ್ಕ ಅನ್ನುತ್ತಿದ್ದರು.

ನಿವೃತ್ತಿಗೆ ಎರಡು ವಾರವಿದ್ದಾಗ ನರ್ಸಮ್ಮ ಹೊಸಬರಿಗೆಂದು ಒಂದು ಕೈಪಿಡಿ ಬರೆದು ಮುಗಿಸಿದರು. ಚಿಕ್ಕಪ್ಪ ಅದನ್ನು ತಮ್ಮ ಹಳೆಯ ಲಿನಕ್ಸ್ ಕಂಪ್ಯೂಟರಿನಲ್ಲಿ ಟೈಪು ಮಾಡಿ ಪ್ರೆಸ್ಸಿಗೆ ಕಳಿಸಿದರು. ಮುಂದಿನ ಸೋಮವಾರ ಹೊಸಬರ ತರಬೇತಿ ಶುರುವಾಗಬೇಕಿತ್ತು. ಗುರುವಾರ ಮಾದರಿ ಪ್ರತಿ ಬಂತು.

ನರ್ಸಮ್ಮ ಅಡಿಪಟ್ಟಿ ಇಟ್ಟು ಸಾಲು ಸಾಲಾಗಿ ಓದುತ್ತ ಬಂದವರು ನಲವತ್ತನಾಲ್ಕನೇ ಪುಟದಲ್ಲಿ ಹಾಗೇ ನಿಂತರು. ದೊಡ್ಡ ಮಕ್ಕಳ ಔಷಧಿ ಪಟ್ಟಿಯ ಕೊನೆಯ ಸಾಲು ಹಿಂದಿನ ಪುಟದಿಂದ ಜಾರಿ, ಎಳೆಗೂಸುಗಳ ಪಟ್ಟಿಯ ನೆತ್ತಿಯ ಮೇಲೆ ಕೂತಿತ್ತು. ಅವಸರದಲ್ಲಿ ನೋಡಿದವರು ಕೂಸಿಗೆ ದೊಡ್ಡ ಮಕ್ಕಳ ಅಳತೆ ಕೊಟ್ಟುಬಿಡುತ್ತಾರೆ. ಪ್ರತಿಯನ್ನು ಹಿಡಿದು ನೇರ ದಾಖಲೆ ಕೋಣೆಗೆ ನಡೆದರು.

"ಪ್ರೆಸ್ಸಿನವರದೇನೂ ತಪ್ಪಿಲ್ಲ ಅಕ್ಕ," ಎಂದರು ಚಿಕ್ಕಪ್ಪ. "ಬರೆದ ಫೈಲನ್ನ ಇದ್ದ ಹಾಗೇ ಕಳಿಸಿದ್ದು ನಾನು. ಅಲ್ಲಿನ ಪ್ರಿಂಟರ್ ಅಳತೆಗೆ ಸಾಲುಗಳು ಸರಿದುಕೊಂಡಿವೆ. ಪೋಸ್ಟ್‌ಸ್ಕ್ರಿಪ್ಟ್ ಅನ್ನೋ ಥರದ ಫೈಲು ಮಾಡಿ ಕಳಿಸ್ತೀನಿ. ಅದರಲ್ಲಿ ಯಾವ ಅಕ್ಷರ ಎಲ್ಲಿ ಕೂರಬೇಕು ಅಂತ ಬರೆದಿರುತ್ತೆ, ಜಾರೋ ಹಾಗಿಲ್ಲ."

ಮಾಡಿ ಕಳಿಸಿದರು. ಶುಕ್ರವಾರ ಬೆಳಿಗ್ಗೆ ಪ್ರೆಸ್ಸಿನ ಯಜಮಾನ ಫೋನು ಮಾಡಿದ. "ಏನ್ರೀ ಚಿಕ್ಕಪ್ಪ, ನಿಮ್ಮ ಫೈಲು ಎರಡನೇ ಟ್ರೇಯಿಂದ ಕಾಗದ ಕೊಡಿ ಅಂತ ಹಟ ಹಿಡಿದು ಕೂತಿದೆ. ನಮ್ಮ ಮಿಷನ್ನಿಗೆ ಇರೋದೇ ಒಂದು."

ಚಿಕ್ಕಪ್ಪ ಕನ್ನಡಕ ತೆಗೆದು ಒರೆಸಿದರು. ದಾಖಲೆ ಕೋಣೆಯ ಪ್ರಿಂಟರಿಗೆ ಟ್ರೇ ಎರಡು. ಅದರ ಹೆಸರಲ್ಲಿ ಮಾಡಿದ ಫೈಲು ಅದರ ಅಭ್ಯಾಸವನ್ನೂ ಹೊತ್ತೊಯ್ದಿತ್ತು. ಮತ್ತೆ ಕೂತರು. ಕಂಪ್ಯೂಟರಿನ ಪ್ರಿಂಟರುಗಳ ಪಟ್ಟಿಗೆ ಹೆಸರಿಗಷ್ಟೇ ಇರುವ ಹೊಸದೊಂದನ್ನು ಸೇರಿಸಿದರು. ಅದಕ್ಕೆ ಕಂಪನಿಯಿಲ್ಲ, ಟ್ರೇಯಿಲ್ಲ, ತಂತಿಯಿಲ್ಲ. ಕಾಗದದ ಅಳತೆಯೊಂದನ್ನು ಬಿಟ್ಟು ಅದು ಯಾರನ್ನೂ ಏನನ್ನೂ ಕೇಳುವುದಿಲ್ಲ. ಕೈಪಿಡಿಯನ್ನು ಅದಕ್ಕೆ ಹೊಂದಿಸಿ, ಪುಟಗಳು ಒಡೆಯುವ ಕಡೆಯೆಲ್ಲ ಮತ್ತೆ ನೋಡಿ, ಅಕ್ಷರಗಳ ಅಚ್ಚುಗಳಾದ ಫಾಂಟುಗಳನ್ನೂ ಒಳಗೇ ಸೇರಿಸಿ, ಕಾಗದಕ್ಕಲ್ಲದೆ ಫೈಲಿಗೆ ಪ್ರಿಂಟು ಕೊಟ್ಟರು. ಆಮೇಲೆ ನೂರಹನ್ನೆರಡು ಪುಟಗಳನ್ನೂ ಪರದೆಯ ಮೇಲೆ ಒಂದೊಂದಾಗಿ ತೆರೆದರು. ನಡುವೆ ಊಟದ ಗಂಟೆ ಹೋಯಿತು. ಡಬ್ಬಿಯ ಮುಚ್ಚಳ ತೆರೆಯಲಿಲ್ಲ.

ನರ್ಸಮ್ಮನಿಗೆ ಧೈರ್ಯ ಸಾಲದು. "ಇಲ್ಲದ ಪ್ರಿಂಟರನ್ನ ನಂಬ್ಕೊಂಡು ಕೂರೋದಾ?"

"ಕಾಣದ್ದನ್ನ ನಂಬೋದು ನಿಮಗೇನು ಹೊಸದಾ ಅಕ್ಕ? ವಾರ್ಡಿಗೆ ಹೋಗೋ ಮುಂಚೆ ದಿನಾ ಕೈ ಮುಗಿತೀರಲ್ಲ."

"ಕೈ ಮುಗಿದ ಮೇಲೂ ಔಷಧಿ ಬಾಟಲಿ ಎರಡು ಸಲ ಓದ್ತೀನಿ ಕಣಪ್ಪ."

"ಅದಕ್ಕೇ ನಾನೂ ಎರಡನೇ ಸಲ ಪುಟ ನೋಡ್ತಿರೋದು."

ಸಂಜೆ ಫೈಲು ಪ್ರೆಸ್ಸಿಗೆ ಹೋಯಿತು. ಶನಿವಾರ ಮಧ್ಯಾಹ್ನ ಹೊಸ ಪ್ರತಿ ಬಂತು. ನರ್ಸಮ್ಮ ಮತ್ತೆ ಅಡಿಪಟ್ಟಿ ಇಟ್ಟರು. ದೊಡ್ಡ ಮಕ್ಕಳ ಕೊನೆಯ ಸಾಲು ನಲವತ್ತಮೂರನೇ ಪುಟದ ಬುಡದಲ್ಲಿ, ಇರಬೇಕಾದಲ್ಲೇ ಇತ್ತು. ಮುಂದಿನ ಪುಟದಲ್ಲಿ ಕೂಸುಗಳ ಪಟ್ಟಿ ತನ್ನ ತಲೆಬರಹದ ಕೆಳಗೆ ತಾನೊಂದೇ ನಿಂತಿತ್ತು. ಆ ಸಾಲುಗಳನ್ನು ಅವರು ಬೆರಳಿಟ್ಟು ಎರಡು ಸಲ ಓದಿದರು.

ಅಷ್ಟರಲ್ಲಿ ಪ್ರೆಸ್ಸಿನಿಂದ ಫೋನು. "ಈ ಸಲ ಒಂದು ಚೂರೂ ತಕರಾರಿಲ್ಲ. ಯಾವ ಪ್ರಿಂಟರ್ ರೀ ಅದು? ನಾವೂ ಒಂದು ತರಿಸ್ತೀವಿ."

ಚಿಕ್ಕಪ್ಪ ನರ್ಸಮ್ಮನ ಮುಖ ನೋಡಿದರು. ಸರಿಯಿದೆ ಎಂದು ಆಕೆ ತಲೆಯಾಡಿಸಿದ ಮೇಲೆಯೇ ಫೋನಿಗೆ ಉತ್ತರಿಸಿದರು. "ಅದಿರಲಿ, ಮೊದಲು ಅಕ್ಕನ ಪುಸ್ತಕ ಅಚ್ಚು ಹಾಕಿ."

ಆಮೇಲೆ ಆ ದಿನದ ಊಟದ ಡಬ್ಬಿ ತೆರೆದರು.