ಒಂದೇ ಮನೆಗೆ ಎರಡು ಕರೆ

ಸ್ನೇಹಿತರೇ, ಇವತ್ತು ಬೆಳಿಗ್ಗೆ ಎದುರುಮನೆ ಗಿರಿಜಕ್ಕ ಮಗಳ ಸೀಮಂತಕ್ಕೆ ಕರೆಯಲು ಕುಂಕುಮದ ಬಟ್ಟಲು ಹಿಡಿದು ಬಂದರು. ಹಿರಿಯೂರಿನ ನಮ್ಮ ಬೀದಿಯಲ್ಲಿ ಒಲೆ ಬೇರೆಯಾದರೆ ಕರೆಯೂ ಬೇರೆ.

ಹೊಡೆಯುತ್ತಿದ್ದ ಗಂಡ ಈ ಮನೆಗೆ ಕಾಲಿಡಬಾರದು, ನನ್ನನ್ನು ಯಾರೂ ಹೊರಹಾಕಬಾರದು ಎಂದು ಕೋರ್ಟು ಆದೇಶ ಮಾಡಿದೆ. ಅವನು ಹೊಸದುರ್ಗದಲ್ಲಿ ಅಣ್ಣನ ಮನೆ ಸೇರಿದ್ದಾನೆ. ಇಲ್ಲಿ ಮುಂದಿನ ಕೋಣೆಯಲ್ಲಿ ಅತ್ತೆ-ಮಾವ, ಹಿಂದಿನ ಕೋಣೆಯಲ್ಲಿ ನಾನೊಬ್ಬಳೇ. ಒಲೆ ಬೇರೆ, ಮಾತಿಲ್ಲ.

ಗಿರಿಜಕ್ಕ ಅತ್ತೆಗೆ ಕುಂಕುಮ ಕೊಟ್ಟು, "ಮನೆಮಂದಿಯೆಲ್ಲ ಬರ್ರಿ" ಅಂದರು. ಒಳಗೆ ನಿಂತಿದ್ದ ನನ್ನನ್ನು ನೋಡಿ ತಡವರಿಸಿದರು. "ನಿಮ್ ಸೊಸೆಗೂ ಸೇರಿ ಕರ್ದಂಗಾತಲ್ಲಮ್ಮ?"

"ಅವ್ಳನ್ನ ಇಲ್ಲಿಟ್ಟಿರೋದು ಕೋರ್ಟು. ನನ್ನೇನ್ ಕೇಳ್ತೀಯ?" ಎಂದು ಅತ್ತೆ ಎದ್ದು ಹೋದರು.

ಪಾಪ, ಗಿರಿಜಕ್ಕ ಮನೆ ಸುತ್ತಿಕೊಂಡು ಹಿತ್ತಲ ಬಾಗಿಲಿಗೆ ಬಂದರು. ನನಗೂ ಕುಂಕುಮ ಕೊಟ್ಟರು. ಬಾಯಿಗೆ ರೂಢಿಯ ಮಾತೇ ಬಂತು: "ಮನೆಮಂದಿಯೆಲ್ಲ ಬರ್ರಿ."

"ಆತಕ್ಕ, ಎಲ್ಲಾರೂ ಬರ್ತೀವಿ" ಅಂದೆ.

ಈಗ ಹಿಂದಿನ ಕೋಣೆಯಲ್ಲಿ ಮನೆಮಂದಿಯೆಲ್ಲ ಕೂತು, ಯಾವ ಸೀರೆ ಉಡುವುದೆಂದು ಯೋಚಿಸುತ್ತಿದ್ದೇವೆ.